ಪತ್ತೇದಾರನ ಕಸರತ್ತಿನ ಕೋಣೆ

"ಕೂರಿಸಿ ಕೂರಿಸಿ ನನ್ನ ತಂಗೀನ ಕುಂಟಿ ಮಾಡಿಬಿಟ್ಟೆ. ಸೋಮಾರಿ ನನ್ಮಗನೆ, ನಿಂಗ್ಯಾಕಯ್ಯ ಈ ಕೆಲಸ?"

ಬೆಳಕು ಹರಿಯುವ ಹೊತ್ತು. ಆಸ್ಪತ್ರೆ ಹಿಂಬದಿಯ ಕಸರತ್ತಿನ ಕೋಣೆಯಲ್ಲಿ ಎಲ್ಲರ ಕಿವಿಗೂ ಬೀಳುವಂತೆ ಅಣ್ಣ ಕೂಗುತ್ತಾನೆ. ಬೈಸಿಕೊಂಡವನು ಇಲ್ಲಿ ಕಸರತ್ತು ಮಾಡಿಸುವವನು. ನೆಲದಲ್ಲಿ ಕೂತು ತಂಗಿಯ ಬೂಟು ಬಿಚ್ಚಿ, ಕೊಡವಿ, ಪಾದ ತಿರುಗಿಸಿ ನೋಡುತ್ತಾನೆ.

ಇಲ್ಲಿಗೆ ಬರುವವರದ್ದೆಲ್ಲ ವಂಶದಲ್ಲೇ ಹರಿದುಬಂದ ನರದ ಕಾಯಿಲೆ. ಪಾದ ಜೋತುಬೀಳುತ್ತದೆ, ಬೂಟಿನೊಳಗೆ ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಕಸರತ್ತು ಬಿಟ್ಟರೆ ಇರುವ ಬಲವೂ ಸೋರಿಹೋಗುತ್ತದೆ, ಅತಿಯಾದರೆ ದಣಿದ ಕಾಲು ಎಡವಿ ಬೀಳಿಸುತ್ತದೆ. ಅದಕ್ಕೇ ಇವನು ಯಾರನ್ನೂ ನಂಬುವುದಿಲ್ಲ. "ಚೆನ್ನಾಗಿದೀನಿ" ಅಂದವರನ್ನೇ ಮೊದಲು ಹಿಡಿದು ಕೂರಿಸುತ್ತಾನೆ. ಎಲ್ಲರೂ ಸೇರಿ ಇಟ್ಟ ಹೆಸರು ಪತ್ತೇದಾರ.

"ಬಾಯಿ ಸುಳ್ಳು ಹೇಳತ್ತೆ ಕಣ್ರೀ. ನಾನೂ ಹೇಳ್ತಿದ್ದೆ," ಅನ್ನುತ್ತಾ ಪ್ಯಾಂಟು ಮೇಲೆತ್ತಿ ತನ್ನದೇ ಕಡ್ಡಿ ಕಾಲು ತೋರಿಸುತ್ತಾನೆ. "ಅಪ್ಪ ಬಿಟ್ಟುಹೋದ ಆಸ್ತಿ. ಇದರಲ್ಲಿ ಪಾಲು ಕೊಡು ಅಂತ ತಮ್ಮಂದಿರು ಯಾರೂ ಜಗಳಕ್ಕೆ ಬರಲಿಲ್ಲ ನೋಡಿ."

ಮೂಟೆ ಹೊರಲಾಗದೆ ಇಲ್ಲಿ ನೆಲ ಒರೆಸಲು ಸೇರಿದವನು. ಡಾಕ್ಟರಮ್ಮ ಹೇಳಿಕೊಟ್ಟಿದ್ದನ್ನು ಕಲಿತು, ಅವರು ಬರುವ ಮೊದಲೇ ಎಲ್ಲರ ಕಾಲನ್ನೂ ತಪಾಸಣೆ ಮಾಡಿರುತ್ತಾನೆ. ಗೋಡೆಯ ಫಲಕದಲ್ಲಿ ಫ್ಯಾನು ಕೊಡಿಸಿದವರ ಹೆಸರಿದೆ. ಇವನದಿಲ್ಲ. ಗಾಳಿಗಿರುವ ಮರ್ಯಾದೆ ಬೆವರಿಗೆಲ್ಲಿ?

ಅಣ್ಣ ಗೊಣಗುತ್ತಾ ನೀರು ಕುಡಿಯಲು ಹೊರಗೆ ಹೋಗುತ್ತಾನೆ. ಪತ್ತೇದಾರ ದನಿ ತಗ್ಗಿಸುತ್ತಾನೆ.

"ಮನೇಲಿ ಏನ್ ಮಾಡ್ತಿದೀಯಮ್ಮ?"

"ಏನಿಲ್ಲ ಮಾಮ."

"ಮುಂಗಾಲಲ್ಲಿ ಹೊಸ ಬೊಬ್ಬೆ. ನಾನು ಮಾಡಿಸೋ ಕಸರತ್ತಿಗೆ ಇದು ಏಳಲ್ಲ. ಮೆಟ್ಟಿಲಾ?"

ಅವಳ ಕಣ್ಣು ಬಾಗಿಲ ಕಡೆಗಿದೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಕೆಲಸ ಅವಳದು. ಕಾಲು ಸೋಲುತ್ತಿದೆಯೆಂದು ಮಾಲೀಕನಿಗೆ ಗುಮಾನಿ. ಅದಕ್ಕೇ ಕಾಲಿಗೆ ಬಲ ಬರಲೆಂದು, ಅಣ್ಣನಿಲ್ಲದಾಗ ಕದ್ದು ಮಹಡಿ ಹತ್ತಿಳಿಯುತ್ತಾಳೆ.

"ಅವನಿಗೆ ಹೇಳ್ಬೇಡಿ ಮಾಮ. ಕೂರಿಸಿದ್ರಿ ಅಂತ ನಿಮ್ಮನ್ನ ಬೈತಾನೆ, ಗೊತ್ತಾದ್ರೆ ತಾನೇ ಕೆಲಸ ಬಿಡಿಸಿ ಮೂಲೇಲಿ ಕೂರಿಸ್ತಾನೆ. ಅಮ್ಮನ್ನೂ ಹಾಗೇ ಕೂರಿಸಿದ್ದು. ಆಮೇಲೆ ಅಮ್ಮ ಏಳಲೇ ಇಲ್ಲ."

"ಮೆಟ್ಟಿಲು ಬಿಡ್ತೀಯಾ?"

"ಬಿಡ್ತೀನಿ."

"ನಂಬಲ್ಲ. ನಾಳೆ ನಿನ್ನ ಕಾಲನ್ನೇ ಕೇಳ್ತೀನಿ." ಬೊಬ್ಬೆಗೆ ಪಟ್ಟಿ ಸುತ್ತಿ, ಅಣ್ಣನ ಹೆಜ್ಜೆ ಕೇಳಿದ್ದೇ ಕಾಲುಚೀಲ ಮೇಲೆಳೆಯುತ್ತಾನೆ.

"ಏನಯ್ಯ, ನಾಲಿಗೆ ಬಿದ್ದುಹೋಯ್ತಾ? ತಪ್ಪು ಯಾರದು, ಇವರೆಲ್ಲರ ಮುಂದೆ ಬೊಗಳು."

ಕೋಣೆಯೆಲ್ಲ ಕಿವಿಯಾಗುತ್ತದೆ. ಒಂದು ಮಾತು ಸಾಕು, ಇವನ ಮಾನ ಉಳಿಯುತ್ತದೆ, ಅವಳ ಕೆಲಸ ಹೋಗುತ್ತದೆ. ಪತ್ತೇದಾರ ಗೋಡೆ ಹಿಡಿದು ಏಳುತ್ತಾನೆ. ಅಣ್ಣನ ಪಕ್ಕದಲ್ಲೇ ಹಾದು, ಕಾಲೆಳೆಯುತ್ತಾ ಮುಂದಿನವರ ಬೂಟಿನತ್ತ ನಡೆದುಬಿಡುತ್ತಾನೆ.