ಹೆಸರಿಲ್ಲದ ಕೂಸಿನ ರಿಪೋರ್ಟು

ಹೈದರಾಬಾದಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಆಗ ನನಗೆ ಕೆಲಸ. ಹಸುಗೂಸುಗಳ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಥೈರಾಯ್ಡ್ ಕೊರತೆ ಇದೆಯೇ ಎಂದು ನೋಡುತ್ತಿದ್ದೆ. ಕೊರತೆಯಿದ್ದು ಮೊದಲ ವಾರಗಳಲ್ಲೇ ಮಾತ್ರೆ ಶುರುವಾಗದಿದ್ದರೆ ಮಗುವಿನ ಬುದ್ಧಿ ಸರಿಯಾಗಿ ಬೆಳೆಯುವುದಿಲ್ಲ. ಹಾಗೆ ಸಿಕ್ಕ ಒಂದು ಕೂಸಿನ ರಿಪೋರ್ಟಿನ ಮೇಲೆ ‘ತುರ್ತು’ ಎಂದು ಬರೆದು ಆಫೀಸಿಗೆ ಕಳಿಸಿದ್ದೆ. ಎಂಟು ದಿನದ ಮೇಲೆ ನೋಡಿದರೆ ಅದು ಗುಮಾಸ್ತರ ಟ್ರೇಯಲ್ಲೇ ಬಿದ್ದಿತ್ತು.

“ಕೂಸಿನ ಹೆಸರ ಇಲ್ಲಲ್ರೀ. ಹೆಸರಿಲ್ಲದ ರಿಪೋರ್ಟ್ ಕಳಸೂ ಹಂಗಿಲ್ಲ,” ಅಂದರು ಬೀದರ್ ಕಡೆಯ ಆ ಗುಮಾಸ್ತರು.

“ಇನ್ನಾ ತೊಟ್ಟಲಾಗ ಹಾಕಿಲ್ಲ, ಹೆಸರು ಎಲ್ಲಿಂದ ಬರ್ಬೇಕ್ರೀ?” ಎಂದು ಕಿರುಚಿದೆ.

“ರೂಲ್ ನಾ ಮಾಡೀನೇನ್ರೀ?”

ಆ ಮಾತಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ರಿಪೋರ್ಟು ಕಿತ್ತುಕೊಂಡು, ಅದರಲ್ಲಿದ್ದ ವಿಳಾಸ ನೋಡಿ, ಆಟೊ ಹಿಡಿದು ಮೆಹದಿಪಟ್ಟಣಂನ ಆ ಕೂಸಿನ ಮನೆಗೆ ಹೋದೆ. ಬಾಗಿಲು ತೆಗೆದ ಅಜ್ಜಿ ಹೆಮ್ಮೆಯಿಂದ, “ಭಾಳ ಶಾಣ್ಯಾ ಕೂಸರೀ, ಅಳೂದೇ ಇಲ್ಲ,” ಅಂದರು. ಅದು ಕಾಯಿಲೆಯ ಮಂಪರು. ತಾಯಿ, ಕೂಸು ಇಬ್ಬರನ್ನೂ ಅದೇ ಆಟೊದಲ್ಲಿ ಕರೆತಂದೆ. ಡಾಕ್ಟರು ಅಂದೇ ಮಾತ್ರೆ ಶುರು ಮಾಡಿದರು. ಮುಂದೆ ಕೂಸು ಚೆನ್ನಾಗಿಯೇ ಬೆಳೆಯಿತು.

ಅನುಮತಿಯಿಲ್ಲದೆ ರಿಪೋರ್ಟು ಒಯ್ದದ್ದೇಕೆಂದು ಕೇಳಿ ನನಗೊಂದು ಮೆಮೊ ಬಂತು. ಅದನ್ನು ಮಾತ್ರ ಆ ಗುಮಾಸ್ತರು ಅಂದು ಸಂಜೆಯೇ ಟೈಪ್ ಮಾಡಿಸಿ, ಸ್ವತಃ ಕೈಗೇ ತಂದುಕೊಟ್ಟರು.