ಪಕ್ಕದವರ ಚಿತ್ರ

ದುಬೈನ ಮಿರ್ದಿಫ್‌ನಲ್ಲಿ ನಮ್ಮ ಎದುರಿನ ವಿಲ್ಲಾದಲ್ಲಿ ಮಗಳ ಜೊತೆ ಒಬ್ಬ ಜಪಾನಿ ಅಜ್ಜ ಇದ್ದರು. ಯಾವ ಕೆಲಸಕ್ಕೂ ಮೊದಲು ಅಂಗಿಯ ತೋಳು ಮಡಚುವವರು. ಯುದ್ಧದಲ್ಲಿ ಅವರ ಊರು ಸುಟ್ಟುಹೋಗಿತ್ತಂತೆ. ಚಿತ್ರ ತೂಗುಹಾಕಲು ಒಂದು ಗೋಡೆಯೂ ಉಳಿದಿರಲಿಲ್ಲ. ಊರಿನ ಚಿತ್ರಕಾರರು ಹೊಳೆದಂಡೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಪ್ರದರ್ಶನ ಶುರುಮಾಡಿದರಂತೆ. ಅಲ್ಲಿ ಯಾರೂ ತಮ್ಮ ಚಿತ್ರದ ಪಕ್ಕ ನಿಲ್ಲುವಂತಿಲ್ಲ. ಇನ್ನೊಬ್ಬರದರ ಪಕ್ಕ ನಿಂತು, ಬಂದವರಿಗೆ ಅದನ್ನು ತೋರಿಸಬೇಕು.

"ನಿಮ್ಮದು ಬಿಡಿ, ಪಕ್ಕದವರದ್ದು ನೋಡಿ" ಎಂದು ನಿಧಾನದ ಇಂಗ್ಲಿಷಿನಲ್ಲಿ ನಮಗೂ ಹೇಳುತ್ತಿದ್ದರು.

ಒಂದು ಶುಕ್ರವಾರ ನಮ್ಮ ಬೀದಿಯವರ ಚಿತ್ರಗಳನ್ನೂ ಹಾಗೇ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಹಾಕಿಸಿದರು. ನನ್ನ ಪಾಲಿಗೆ ಸುಡಾನಿನ ಡಾಕ್ಟರರ ಒಂಟೆ ಬಂತು, ಹೆಂಡತಿಯ ಪಾಲಿಗೆ ಅಜ್ಜನ ಬೆಟ್ಟ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮರಳುಗಾಳಿ ಎದ್ದಿತು. ಪಕ್ಕದಲ್ಲಿದ್ದ ಚಿತ್ರವನ್ನು ಕಿತ್ತುಕೊಂಡು ಎಲ್ಲರೂ ಮನೆಗೆ ಓಡಿದೆವು.

"ಅಲ್ರೀ, ನನ್ನ ಹಲಸಿನಹಣ್ಣು ಎಲ್ಲಿ? ಯಾರದೋ ಒಂಟೆ ಹೊತ್ಕೊಂಡು ಬಂದಿದ್ದೀರಲ್ಲ!" ಹೆಂಡತಿ ಅಳುವುದೊಂದು ಬಾಕಿ. ಮದುವೆಯಾದ ಮೇಲೆ ಅವಳು ಬಿಡಿಸಿದ್ದು ಅದೊಂದೇ ಚಿತ್ರ.

ಗಾಳಿ ಇಳಿದಾಗ ಬೆಲ್ ಆಯಿತು. ಹುಬ್ಬಿನ ತುಂಬ ಮರಳು ಮೆತ್ತಿಕೊಂಡ ಅಜ್ಜ, ಎದೆಗವಚಿಕೊಂಡಿದ್ದ ಹಲಸಿನಹಣ್ಣನ್ನು ಮುಂದೆ ಹಿಡಿದರು. ಒಂದು ಮೂಲೆಯೂ ಹರಿದಿರಲಿಲ್ಲ.

"ಅಬ್ಬಾ!" ಎಂದು ಉಸಿರುಬಿಟ್ಟ ಇವಳು, ಒಳಗಿಟ್ಟಿದ್ದ ಬೆಟ್ಟವನ್ನು ತಂದುಕೊಟ್ಟಳು. ಅಜ್ಜ ಅದರತ್ತ ನೋಡಲೂ ಇಲ್ಲ. ತೋಳು ಮಡಚಿ, ಬಗ್ಗಿ, ಹಲಸಿನಹಣ್ಣಿನ ಮೇಲೆ ಉಳಿದಿದ್ದ ಮರಳನ್ನು ಮೆಲ್ಲಗೆ ಊದಿದರು.