ಹುಳದ ಮನೆಯಲ್ಲಿ ಹಿಡಿದ ದನಿ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ, ಒಮ್ಮೆ ಕಬ್ಬಿನ ಕಟಾವು ಮುಗಿಯಲಿ ಎಂದುಕೊಂಡೆ. ಕಟಾವು ಮುಗಿದು, ಕೊಯ್ದ ಬುಡದಿಂದ ಚಿಗುರಿದ ಕೂಳೆ ಬೆಳೆಯೂ ಎದೆಯೆತ್ತರ ಬಂತು. ನೆಪ ಹುಡುಕುವುದನ್ನು ನನ್ನಂಥ ಹೇಡಿಗೆ ಯಾರೂ ಕಲಿಸಬೇಕಾಗಿಲ್ಲ.

ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ನಮ್ಮೂರಿನ ಹಾಲಿನ ಡೇರಿಯಲ್ಲಿ ಬಹಳ ವರ್ಷ ಹಾಲು ಪರೀಕ್ಷೆ ಮಾಡಿದವನು ನಾನು. ಓದಿದ್ದು ಹೈಸ್ಕೂಲು. ಕ್ಯಾನಿನ ಹಾಲಿಗೆ ಲ್ಯಾಕ್ಟೊಮೀಟರ್ ಬಿಟ್ಟು, ಸಾಲಿನಲ್ಲಿ ನಿಂತವರೆಲ್ಲರ ಎದುರು, ನೀರು ಬೆರೆಸಿದ್ದೀಯ ಎಂದು ಮುಖಕ್ಕೆ ಹೇಳುತ್ತಿದ್ದೆ. ಹೆಂಗಸರು ಮುಖಕ್ಕೆ ಸೆರಗು ಮುಚ್ಚಿಕೊಂಡು ಹೋಗುತ್ತಿದ್ದರು. ಅದರಿಂದ ನನಗೆ ಬಂದ ಹೆಸರು ಸತ್ಯವಂತ. ನಾನೂ ಅದನ್ನು ನಂಬಿದ್ದೆ.

ನನ್ನ ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವ ಹೇಳುತ್ತಿದ್ದ ಸೋಬಾನೆ ಪದಗಳೆಲ್ಲ ಅವಳಿಗೆ ಬಾಯಿಪಾಠ. ಊರಿನ ಮಿಕ್ಕ ಹೆಂಗಸರಿಗೆ ಬರುವುದು ಒಂದೊಂದು ಪದದ ಎರಡೆರಡು ಸಾಲು. ಆದರೂ ಮದುವೆಯಲ್ಲಿ ಹಸೆಯ ಮುಂದೆ ನಿಂತು ಹಾಡುವವರು ಅವರೇ, ಮುತ್ತೈದೆಯರು. ಅಕ್ಕ ಅಡುಗೆಮನೆಯಲ್ಲಿ. ಸಾಲು ಮರೆತಾಗ ಒಬ್ಬಳು ಅಡುಗೆಮನೆ ಬಾಗಿಲಿಗೆ ಓಡಿಬರುತ್ತಿದ್ದಳು. ಅಕ್ಕ ಸೌಟು ಹಿಡಿದೇ ಮುಂದಿನ ಸಾಲು ಹೇಳಿಕೊಡುತ್ತಿದ್ದಳು. ಬಂದವಳು ಅದನ್ನು ಹೊತ್ತುಕೊಂಡು ಹೋಗಿ ಹಸೆಯ ಮುಂದೆ ತನ್ನದೇ ಎಂಬಂತೆ ಕಿರುಚುತ್ತಿದ್ದಳು. ಇದು ನಮ್ಮ ಕಡೆಯ ಪದ್ಧತಿ. ಪದ ಬೇಕು, ಹೇಳುವ ಮುಖ ಬೇಡ.

ನನ್ನ ಮಗನ ಮಗಳಿಗೆ ಮಳವಳ್ಳಿಯಲ್ಲಿ ಮದುವೆ ಗೊತ್ತಾದಾಗ, ಸೋಬಾನೆಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಛತ್ರದಲ್ಲಿ ಹಾಕಿಸಬೇಕು ಎಂಬ ಹುಚ್ಚು ನನಗೆ ಹಿಡಿಯಿತು. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ಪಂಡಿತನಾದೆ. ಮಂಡ್ಯಕ್ಕೆ ಹೋಗಿ ಮೈಕು, ಅದರ ಸ್ಟ್ಯಾಂಡು, ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಗುಂಡಿಗಳ ಪೆಟ್ಟಿಗೆ, ಹೆಡ್‌ಫೋನು ಎಲ್ಲ ತಂದೆ. ಮೊದಲ ದಿನ ಮನೆಯ ಪಡಸಾಲೆಯಲ್ಲಿ ಇಟ್ಟು ನೋಡಿದರೆ, ಆ ಮೈಕಿಗೆ ಹಾಡು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸುತ್ತಿತ್ತು: ಕೋಳಿ, ಕುಕ್ಕರು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವನು ಊರಿಗೆಲ್ಲ ಕೇಳಲೆಂದು ಹಾಕಿಕೊಂಡು ಹೋಗುವ ಹಾಡು.

ಹಿತ್ತಲಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಮನೆ ಖಾಲಿ ಬಿದ್ದಿತ್ತು. ಅಲ್ಲಿಗೆ ಸಾಗಿಸಿದೆ. ಬರಿಗೋಡೆಗೆ ದನಿ ಬಡಿದು ಗುಂಯ್ ಎನ್ನುತ್ತದೆ, ಸ್ಪಂಜು ಅಂಟಿಸಿ ಎಂದು ವಿಡಿಯೊದವನು ಹೇಳಿದ್ದ. ಅಂಟಿಸಿದೆ. ಸುಣ್ಣದ ಗೋಡೆ ಬಿಸಿಲಿಗೆ ಕಾದು ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಒಂದೊಂದಾಗಿ ನೆಲಕ್ಕೆ ಬಿದ್ದವು. ಅಕ್ಕ ನೋಡಿ ನಕ್ಕು, ಮೂಲೆಯಲ್ಲಿದ್ದ ಹಳೆಯ ಚಂದ್ರಿಕೆಗಳನ್ನು, ಹುಳ ಗೂಡು ಕಟ್ಟಲು ಬಿಡುತ್ತಿದ್ದ ಆ ಬಿದಿರಿನ ತಟ್ಟೆಗಳನ್ನು ತೋರಿಸಿದಳು. ಗೋಡೆಗೆ ಕಂಬಳಿ ಇಳಿಬಿಟ್ಟು ಅದರ ಮೇಲೆ ಚಂದ್ರಿಕೆ ನಿಲ್ಲಿಸಿದೆವು. ಗುಂಯ್‌ಗುಡುವುದು ನಿಂತೇಹೋಯಿತು. ಉಪಾಯ ಅವಳದು. ಬಂದುಹೋದವರಿಗೆಲ್ಲ ನನ್ನದೆಂದು ಹೇಳಿದೆ. ಅಲ್ಲಿಂದಲೇ ನನ್ನ ಕಳ್ಳತನ ಶುರುವಾಗಿತ್ತು.

ಮೈಕಿಗೆ ಉಸಿರು ಬಡಿಯದ ಹಾಗೆ ಜರಡಿಯ ಬಳೆಗೆ ತೆಳುಬಟ್ಟೆ ಬಿಗಿದು ಅಡ್ಡ ಕಟ್ಟಿದೆ. ತ್ರೀ ಫೇಸ್ ಕರೆಂಟು ಹೋಗಿ ಪಂಪ್‌ಸೆಟ್ಟುಗಳು ಬಾಯಿ ಮುಚ್ಚಿದ ಮೇಲೆ ಅಕ್ಕನನ್ನು ನಿಲ್ಲಿಸಿದೆ. ಅವಳಿಗೋ ತೂಗಾಡದೆ ಹಾಡಿ ಗೊತ್ತಿಲ್ಲ. ಅಲುಗಾಡಬೇಡ, ಕೆಮ್ಮಬೇಡ, ಕಾಲು ತಟ್ಟಬೇಡ ಎಂದು ಡೇರಿಯ ಗತ್ತಿನಲ್ಲೇ ಗದರಿದೆ. ಒಂದು ಸಾಲು ಹೇಳಿ ಅವಳು ಸುಮ್ಮನೆ ನಿಂತುಬಿಡುತ್ತಿದ್ದಳು.

“ಯಾಕ್ ನಿಲ್ಸ್ದೆ?” ಎಂದೆ.

“ಸೊಲ್ಲು ಎತ್ತೋರ್ ಯಾರ್ಲಾ? ನಾನ್ ಯೋಳದು, ಅವರು ಎತ್ಕಳದು. ಒಬ್ಳೇ ಯೋಳುಕೆ ಇದೇನು ತಿರುಪೆ ಪದವಾ?”

ಕೊನೆಗೆ, ಮಿಕ್ಕವರು ಹಿಂದಿನಿಂದ ಎತ್ತಿ ಹೇಳಬೇಕಾದ ಆ ಸೊಲ್ಲನ್ನೂ ಅವಳಿಂದಲೇ ಹಾಡಿಸಿ ಅದರ ಮೇಲೆ ಕೂರಿಸಿದೆ. ಹೆಡ್‌ಫೋನು ತಲೆಗೆ ಹಾಕಿ ಕೇಳಿಸಿದಾಗ ಅವಳು ಅದನ್ನು ಎರಡು ಕೈಯಲ್ಲೂ ಕಿವಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದಳು. ಆಮೇಲೆ ಅಂದಳು:

“ಅವ್ವನ ದನಿ ಕಣ್ಲಾ ಇದು. ನಾನಂತೂ ಅಸೆ ಮುಂದೆ ನಿಂತ್ಕಳಂಗಿಲ್ಲ, ನನ್ ದನಿಯಾದ್ರೂ ನಿಂತ್ಕಳ್ಳಿ. ಒಂದೇ ಮಾತು. ಯಾರ್ದು ಅಂತ ಯಾರಾದ್ರೂ ಕೇಳುದ್ರೆ, ನನ್ದು ಅಂತ ಯೋಳು.”

ಆಯಿತು ಎಂದೆ. ಬಾಯಿಗೇನು, ಆಯಿತು ಎನ್ನಲು ಕಷ್ಟವೇ?

ಮಳವಳ್ಳಿಯ ಛತ್ರದಲ್ಲಿ ಅರಿಶಿನ ಶಾಸ್ತ್ರದ ಹೊತ್ತಿಗೆ ಸ್ಪೀಕರಿನಲ್ಲಿ ಪದ ಬಂತು. ಗಲಾಟೆ ಮಾಡುತ್ತಿದ್ದ ಜನ ತಣ್ಣಗಾದರು. ಅಕ್ಕ ಊಟದ ಮನೆಯ ಬಾಗಿಲಲ್ಲಿ, ಎಲೆಯಡಿಕೆ ತಟ್ಟೆ ಹಿಡಿದು ನಿಂತಿದ್ದಳು. ಗಂಡಿನ ಸೋದರತ್ತೆ, ಕೊರಳ ತುಂಬ ಚಿನ್ನ ಹೇರಿಕೊಂಡು ಕಂಡದ್ದಕ್ಕೆಲ್ಲ ಶಕುನ ಹೇಳುವ ಹೆಂಗಸು, ನನ್ನ ಹತ್ತಿರ ಬಂದು ಕೇಳಿದಳು:

“ಯಾರಣ್ಣ ಪದ ಯೋಳಿರದು? ಮುತ್ತೈದೆ ತಾನೆ?”

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ: “ನಮ್ ಸೊಸೆ ಕಣಮ್ಮ.”

ನನ್ನ ಸೊಸೆ, ಮದುಮಗಳ ತಾಯಿ, ಅಲ್ಲೇ ಇದ್ದಳು. ಅವಳಿಗೆ ಒಂದು ಜೋಗುಳವೂ ಬರುವುದಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಬೀಗರ ಹೆಂಗಸರು ಮುತ್ತಿಕೊಂಡು ಕುಂಕುಮ ಇಟ್ಟರು, ಹೂವು ಮುಡಿಸಿದರು. ಅವಳು ತಲೆ ತಗ್ಗಿಸಿದಳು. ಅದನ್ನೂ ಅವರು ವಿನಯವೆಂದು ಹೊಗಳಿದರು. ತಿಳಿಗೇಡಿಗಳು. ಆದರೆ ಅವರನ್ನು ಬೈದು ನನ್ನ ಬಾಯಿ ತೊಳೆದುಕೊಳ್ಳಲಾರೆ. ಆ ಹೆಂಗಸು ಕೇಳಿದ್ದು ಒಂದು ಪ್ರಶ್ನೆ, ಅಷ್ಟೆ. ನಿಜ ಹೇಳಿದ್ದರೆ ಮೂತಿ ತಿರುವುತ್ತಿದ್ದಳು, ಇಬ್ಬರು ಮೂವರು ಗುಸುಗುಟ್ಟುತ್ತಿದ್ದರು. ಮದುವೆಯೇನೂ ನಿಲ್ಲುತ್ತಿರಲಿಲ್ಲ. ಆ ತಿರುವಿದ ಮೂತಿಗೆ ಹೆದರಿ ಒಡಹುಟ್ಟಿದವಳನ್ನು ಮತ್ತೆ ಅಡುಗೆಮನೆಗೆ ತಳ್ಳಿದೆ.

ಹಿಂದಿರುಗುವಾಗ ಮದ್ದೂರು ದಾಟುವವರೆಗೂ ಅಕ್ಕ ವ್ಯಾನಿನ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಬುಡು. ಆಲ್ಗೆ ನೀರ್ ಬೆರ್ಸಿದ್ರೆ ಕಂಡಿಡೀತಿದ್ದೆ ನೀನು.”

ಅಂದಿನಿಂದ ಅವಳು ಪದ ಹೇಳಿಲ್ಲ. ಮದುವೆ ಮನೆಗಳಲ್ಲಿ ಸಾಲು ಮರೆತವರು ಅಡುಗೆಮನೆ ಬಾಗಿಲಿಗೆ ಬಂದರೆ, ನನ್ನ ತಮ್ಮನ ಮಿಷಿನ್ನ ಕೇಳಿ ಎಂದು ಕಳಿಸುತ್ತಾಳೆ. ಹುಳದ ಮನೆಯಲ್ಲಿ ಮೈಕಿನ ಮೇಲೆ ಜೇಡ ಬಲೆ ಕಟ್ಟಿದೆ.

ಆ ರೆಕಾರ್ಡು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ತಾಲ್ಲೂಕೆಲ್ಲ ತಿರುಗುತ್ತಿದೆ. ಈಚೆಗೆ ಸೋಮನಹಳ್ಳಿಯ ಒಂದು ಚಪ್ಪರದಲ್ಲೂ ಹಾಕಿದರು. ಪಕ್ಕದಲ್ಲಿ ಕೂತವರು, ನಿಮ್ಮ ಸೊಸೆ ಎಷ್ಟು ಚೆನ್ನಾಗಿ ಹಾಡುತ್ತಾರೆ ಎಂದರು. ನಾನು ಪಾಯಸ ತಿನ್ನುತ್ತಿದ್ದೆ. ತಿನ್ನುತ್ತಲೇ ಹೋದೆ.

ಇದನ್ನು ಬರೆಯುವಾಗ ಅಕ್ಕ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ನಾನಿರುವ ಕೋಣೆಯಿಂದ ಹತ್ತು ಹೆಜ್ಜೆ. ಬರೆಯಲು ಕೈ ಓಡುತ್ತದೆ, ಎದ್ದುಹೋಗಿ ತಪ್ಪಾಯಿತು ಎನ್ನಲು ಕಾಲು ಏಳುವುದಿಲ್ಲ. ಇಷ್ಟನ್ನಾದರೂ ಕೇಳಿಕೊಳ್ಳಿ. ಯಾವುದಾದರೂ ಚಪ್ಪರದಲ್ಲಿ ಆ ಪದ ಕಿವಿಗೆ ಬಿದ್ದರೆ, ಅದು ನನ್ನ ಸೊಸೆಯದಲ್ಲ. ಅದು ಮುತ್ತೈದೆಯ ದನಿಯಲ್ಲ. ಅದು ನನ್ನ ಅಕ್ಕನದು.